ಆಟಿಸಂ ಇರುವ ಮಗುವಿನ ಸಂವಹನ ಚಿಕಿತ್ಸೆಯಲ್ಲಿ ರೋಬೋಟನ್ನು ಬಳಸುವ ಬಗೆ

ರೋಬೋಟನ್ನು ಚಿಕಿತ್ಸೆಯ ಕೋಣೆಗೆ ತರುವ ಮೊದಲು ಮಗುವಿನ ಶ್ರವಣ ಪರೀಕ್ಷೆ ಆಗಿರಬೇಕು. ಹೆಸರು ಹಿಡಿದು ಕರೆದರೂ ತಿರುಗದ ಮಗುವಿಗೆ ಆಟಿಸಂ ಇರಬಹುದು, ಕಿವಿ ಮಂದವಿರಬಹುದು, ಎರಡೂ ಇರಬಹುದು. ಇದು ಇತ್ಯರ್ಥವಾಗದೆ ಯಾವ ಯಂತ್ರವನ್ನು ಮುಂದಿಟ್ಟರೂ ಪ್ರಯೋಜನವಿಲ್ಲ. ಮಗುವಿಗೆ ಎಂದಾದರೂ ಫಿಟ್ಸ್ ಬಂದಿದೆಯೇ ಎಂದು ತಾಯಿಯನ್ನು ತಪ್ಪದೆ ಕೇಳಬೇಕು. ಆಟಿಸಂ ಇರುವ ಮಕ್ಕಳಲ್ಲಿ ಮೂರ್ಛೆರೋಗ ಉಳಿದ ಮಕ್ಕಳಿಗಿಂತ ಹೆಚ್ಚಾಗಿ ಕಂಡುಬರುವುದರಿಂದ, ರೋಬೋಟಿನ ಕಣ್ಣಿನಲ್ಲಿ ಮಿನುಗುವ ದೀಪಗಳನ್ನು ಮೊದಲೇ ಆರಿಸಿಡುವುದು ಲೇಸು. ನಮ್ಮ ಬಾಗಲಕೋಟೆ, ವಿಜಯಪುರ ಭಾಗದ ಕೆಲವು ಕುಟುಂಬಗಳು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ, ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳನ್ನು ಬರೆಸಿಕೊಂಡು ಬಂದಿರುತ್ತವೆ. ಅಂಥ ಕಾಗದವಿದ್ದರೆ ಅದನ್ನು ಓದಿ, ಅದರಲ್ಲಿರುವ ಒಂದು ಅಭ್ಯಾಸಕ್ಕೆ ಮಾತ್ರ ರೋಬೋಟನ್ನು ಜೋಡಿಸಬೇಕೇ ಹೊರತು ರೋಬೋಟಿಗಾಗಿ ಬೇರೆ ಚಿಕಿತ್ಸೆಯನ್ನು ಹೊಸದಾಗಿ ಕಟ್ಟಬಾರದು.

ಈ ಯಂತ್ರದಿಂದ ಆಗುವ ಉಪಕಾರ ಏನೆಂಬುದು ಸ್ಪಷ್ಟವಿರಲಿ. ಮನುಷ್ಯರು ಒಂದೇ ಮಾತನ್ನು ಎರಡು ಸಲ ಹೇಳಿದರೆ ಹುಬ್ಬು, ದನಿ, ಕೈ ಎಲ್ಲವೂ ಬದಲಾಗುತ್ತವೆ. ರೋಬೋಟು ನೂರು ಸಲ ಹೇಳಿದರೂ ಅದೇ ದನಿ, ಅದೇ ಕೈ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ರೂಪುಗೊಂಡ ಕ್ಯಾಸ್ಪರ್ ಎಂಬ ರೋಬೋಟಿನ ಮುಖವನ್ನು ಇದೇ ಕಾರಣಕ್ಕೆ ಬೇಕೆಂದೇ ಸಪ್ಪೆಯಾಗಿ ಮಾಡಲಾಗಿದೆ. 58 ಸೆಂಟಿಮೀಟರ್ ಎತ್ತರದ ‘ನಾವೋ’ (NAO) ಎಂಬ ರೋಬೋಟು ಕೂಡ ಇಂಥ ಚಿಕಿತ್ಸೆಯಲ್ಲಿ ಬಹಳ ಬಳಕೆಯಾಗಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ಮಕ್ಕಳು ತಮ್ಮ ಮನೆಯಲ್ಲೇ, ಪಾಲಕರ ಜೊತೆಗೆ, ದಿನಕ್ಕೆ 30 ನಿಮಿಷದಂತೆ ಒಂದು ತಿಂಗಳು ರೋಬೋಟಿನೊಂದಿಗೆ ಆಡಿದ ಮೇಲೆ, ರೋಬೋಟು ಇಲ್ಲದಾಗಲೂ ದೊಡ್ಡವರ ಗಮನವನ್ನು ಹಿಂಬಾಲಿಸುವುದರಲ್ಲಿ ಸುಧಾರಿಸಿದ್ದರು. ಹನ್ನೆರಡು ಮಕ್ಕಳ ಲೆಕ್ಕದಿಂದ ಊರಿಗೆಲ್ಲ ಡಂಗುರ ಸಾರಲಾಗದು. ಆದರೂ ಅಲ್ಲಿ ಪಾಲಕರು ಪಕ್ಕದಲ್ಲೇ ಕುಳಿತಿದ್ದರು ಎಂಬ ಅಂಶವನ್ನು ನಾನು ಬಹಳ ಮುಖ್ಯವೆಂದು ತಿಳಿದಿದ್ದೇನೆ.

ಭಾಷೆಯ ವಿಷಯಕ್ಕೆ ಹೆಚ್ಚು ಸಮಯ ಕೊಡಬೇಕು. ನಮ್ಮ ಯಂತ್ರದೊಳಗೆ ಕನ್ನಡ ಇರಲಿಲ್ಲ. ಕಂಪ್ಯೂಟರಿನಿಂದ ಮಾಡಿಸಿದ ಧ್ವನಿಯನ್ನು ಅದಕ್ಕೆ ತುಂಬಿದಾಗ ಅದು "ದಯವಿಟ್ಟು ಚೆಂಡನ್ನು ನೀಡು" ಎಂದಿತು. ನಮ್ಮ ಬಾಗಲಕೋಟೆಯ ನವನಗರದ ಯಾವ ಮನೆಯಲ್ಲೂ ಮಗುವಿಗೆ ಹಾಗೆ ಯಾರೂ ಹೇಳುವುದಿಲ್ಲ. ಆ ಕಡತಗಳನ್ನೆಲ್ಲ ಅಳಿಸಿ, ತಾಯಿಯಿಂದ ಅವರ ಮನೆಯ ಮಾತುಗಳನ್ನು ಕೇಳಿ ಬರೆದುಕೊಂಡು, "ಚೆಂಡು ಕೊಡು", "ಈಗ ನಿನ್ನ ಪಾಳಿ", "ಇನ್ನ ಬೇಕೇನು?" ಎಂಬ ಎಂಟು ಹತ್ತು ಮಾತುಗಳನ್ನು ನಮ್ಮ ಸಹಾಯಕಿಯ ದನಿಯಲ್ಲಿ ಮೊಬೈಲಿನಲ್ಲೇ ಮುದ್ರಿಸಿಕೊಂಡೆವು. ತಾಯಿಯದೇ ದನಿ ಬೇಡ. ಪಕ್ಕದಲ್ಲಿರುವ ಅವ್ವನ ಮಾತು ಯಂತ್ರದ ಹೊಟ್ಟೆಯಿಂದ ಬಂದರೆ ಮಗು ಗಲಿಬಿಲಿಗೊಳ್ಳುತ್ತದೆ. ಬೆಳಗಾವಿಯ ಮಗುವಿನ ಮನೆಯಲ್ಲಿ ಮರಾಠಿ, ವಿಜಯಪುರದ ಮಗುವಿನ ಮನೆಯಲ್ಲಿ ದಖನಿ ಉರ್ದು ಇದ್ದರೆ ರೋಬೋಟು ಮಾತಾಡಬೇಕಾದದ್ದು ಅದನ್ನೇ.

ಗುರಿ ಒಂದೇ ಇರಲಿ, ಎಣಿಸುವಂತಿರಲಿ. "ಮಗು ಚೆನ್ನಾಗಿ ಮಾತಾಡಬೇಕು" ಎಂಬುದು ಹಾರೈಕೆ. "ಚುರಮುರಿಯ ಡಬ್ಬಿ ಕಂಡಾಗ, ಹತ್ತು ಅವಕಾಶಗಳಲ್ಲಿ ಆರು ಸಲವಾದರೂ ಕೈ ಚಾಚಿ, ಚಿತ್ರದ ಕಾರ್ಡು ತೋರಿಸಿ ಅಥವಾ ಮಾತಿನಿಂದ ಕೇಳಬೇಕು" ಎಂಬುದು ಗುರಿ. ಮಗು ಈಗಾಗಲೇ ಚಿತ್ರದ ಕಾರ್ಡು ಬಳಸುತ್ತಿದ್ದರೆ ಅದನ್ನು ಕಸಿದುಕೊಳ್ಳಬಾರದು. ರೋಬೋಟು ಕಾರ್ಡಿಗೂ ಮಾತಿಗೆ ಉತ್ತರಿಸಿದಂತೆಯೇ ಉತ್ತರಿಸಬೇಕು. ಶುರು ಮಾಡುವ ಮುಂಚೆ, ರೋಬೋಟು ಇಲ್ಲದೆ ತಾಯಿಯ ಮುಂದೆ ಮಗು ಎಷ್ಟು ಸಲ ಕೇಳುತ್ತದೆ ಎಂದು ಮೂರು ದಿನ ಎಣಿಸಿ ಬರೆದಿಡಿ.

ಮೊದಲು ಕಲಿಸಬೇಕಾದ ಮಾತು "ಸಾಕು". ಮಗು ಸಾಕು ಎಂದರೆ, ಅಥವಾ ಅಂಗೈ ಅಡ್ಡ ಹಿಡಿದರೆ, ರೋಬೋಟು ಆ ಕ್ಷಣವೇ ಸುಮ್ಮನಾಗಬೇಕು. ತನ್ನ ಒಂದು ಸನ್ನೆಗೆ ಎದುರಿನದು ಬದಲಾಗುತ್ತದೆ ಎಂಬುದು ಮಗುವಿಗೆ ತಿಳಿಯುವುದೇ ಸಂವಹನದ ಮೊದಲ ಮೆಟ್ಟಿಲು. ಮನೆಯ ದೊಡ್ಡವರು "ಇನ್ನೊಂದ್ ಸಲ, ಇನ್ನೊಂದ್ ಸಲ" ಎಂದು ಕಾಡುವ ಕಡೆ ಈ ಅನುಭವ ಅದಕ್ಕೆ ಸಿಗುವುದು ಅಪರೂಪ. ಇದಕ್ಕಾಗಿ ಯಂತ್ರವನ್ನು ತನ್ನಷ್ಟಕ್ಕೆ ಬಿಡದೆ, ಕೋಣೆಯ ಮೂಲೆಯಲ್ಲಿ ಒಬ್ಬರು ಟ್ಯಾಬ್ ಹಿಡಿದು ನಡೆಸಬೇಕು. ತೊದಲು ಮಾತನ್ನು ಯಂತ್ರ ತಾನಾಗಿ ಗುರುತಿಸುತ್ತದೆಂದು ನಂಬಿ ಕುಳಿತರೆ, ಮಗು ಹೇಳಿದ್ದು ಗಾಳಿಗೆ ಹೋಗುತ್ತದೆ.

ಕೂಡುವ ಬಗೆ ಹೀಗೆ: ನೆಲದ ಮೇಲೆ ಚಾಪೆ, ಮಗು, ರೋಬೋಟು, ತಾಯಿ ಮೂವರೂ ತ್ರಿಕೋನದಲ್ಲಿ. ದನಿಯ ಮಟ್ಟವನ್ನು ತೀರ ತಗ್ಗಿಸಿ ಆರಂಭಿಸಬೇಕು; ಮೊದಲ ದಿನ ನಾನು ಪೂರ್ತಿ ದನಿ ಇಟ್ಟು ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಓಡುವಂತೆ ಮಾಡಿದ್ದೆ. ಆ ಐದು ವರ್ಷದ ಹುಡುಗ ಮರುದಿನ ಬಂದವನು ರೋಬೋಟಿನ ಮುಖ ನೋಡದೆ, ಅದರ ಬೆನ್ನಿಗೆ ಕುಳಿತು, ಭುಜ ತಿರುಗಿದಾಗ ಒಳಗಿನ ಮೋಟಾರು ಗುಂಯ್ ಎನ್ನುವುದನ್ನೇ ಕೇಳುತ್ತಿದ್ದ. ಅವನನ್ನು ಎಳೆದು ಎದುರಿಗೆ ಕೂಡಿಸಲಿಲ್ಲ. ಕಣ್ಣಿಗೆ ಕಣ್ಣು ಕೂಡಿಸೆಂದು ಯಾವ ಮಗುವನ್ನೂ ಒತ್ತಾಯಿಸಬಾರದು. ಭುಜ ನಿಂತಾಗ ನಾವು ಕಾದೆವು. ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಯಾರೂ ಬಾಯಿ ಬಿಡಬಾರದೆಂಬುದು ನಮ್ಮ ನಿಯಮ, ಮತ್ತು ಪಾಲಕರಿಗೆ ಎಲ್ಲಕ್ಕಿಂತ ಕಷ್ಟವಾಗುವುದೂ ಇದೇ. ಏಳೋ ಎಂಟೋ ಎಣಿಸುವಷ್ಟರಲ್ಲಿ ಹುಡುಗ ತಾಯಿಯ ಮಣಿಕಟ್ಟು ಹಿಡಿದು ರೋಬೋಟಿನ ಭುಜದ ಮೇಲಿಟ್ಟ. ತಾಯಿ "ಇನ್ನ ಬೇಕು" ಎಂದು ಅವನ ಪರವಾಗಿ ಒಂದೇ ಸಲ ಹೇಳಿದರು, ಭುಜ ತಿರುಗಿತು. ಹತ್ತು ಎಣಿಸಿದರೂ ಏನೂ ಬಾರದಿದ್ದರೆ ಕಾರ್ಡನ್ನು ಹತ್ತಿರ ಸರಿಸಿ, ಆಮೇಲೆ ಮಾಡಿ ತೋರಿಸಿ, ಕೊನೆಗೆ ಕೈಗೆ ಆಸರೆ ಕೊಡಿ; ಪ್ರತಿದಿನ ಒಂದೊಂದೇ ಆಸರೆ ಕಳಚುತ್ತ ಬನ್ನಿ. ಹದಿನೈದು ನಿಮಿಷ ಸಾಕು.

ನಿಜವಾದ ಕೆಲಸ ರೋಬೋಟನ್ನು ಹಿಂದೆ ಸರಿಸುವುದರಲ್ಲಿದೆ. ಎರಡನೆಯ ವಾರದಿಂದಲೇ, ರೋಬೋಟು ಹೇಳುತ್ತಿದ್ದ "ಈಗ ನಿನ್ನ ಪಾಳಿ" ಎಂಬುದನ್ನು ತಾಯಿ ಹೇಳಲಿ, ರೋಬೋಟು ಬರೀ ತಲೆಯಾಡಿಸಲಿ. ಮೂರನೆಯ ವಾರ ಅದು ಅಲುಗದೆ ಕುಳಿತಿರಲಿ, ಅಜ್ಜಿಯೋ ಅಣ್ಣನೋ ಅದರ ಜಾಗಕ್ಕೆ ಬರಲಿ. ಆಮೇಲೆ ಅದೇ ಆಟ ಮನೆಯ ಪಡಸಾಲೆಗೆ ಹೋಗಲಿ. ರೋಬೋಟಿನ ಮುಂದೆ ಹತ್ತಕ್ಕೆ ಹತ್ತು ಸಲ ಕೇಳಿ ಅಜ್ಜಿಯ ಮುಂದೆ ಒಂದು ಸಲವೂ ಕೇಳದ ಮಗು ಯಂತ್ರ ನಡೆಸುವುದನ್ನು ಕಲಿತಿದೆ ಅಷ್ಟೇ. ಆದ್ದರಿಂದ ವಾರಕ್ಕೊಮ್ಮೆ ರೋಬೋಟು ಇಲ್ಲದೆ ಎಣಿಸಿ, ಮೊದಲ ಮೂರು ದಿನದ ಲೆಕ್ಕದೊಂದಿಗೆ ಹೋಲಿಸಿ.

ಉಳಿದ ಎಚ್ಚರಗಳು ಸಣ್ಣವು. ಕರೆಂಟು ಹೋಗುವುದನ್ನು ನೆನೆದು ಬ್ಯಾಟರಿ ಪೂರ್ತಿ ತುಂಬಿಡಿ. ಆಟದ ನಡುವೆ ರೋಬೋಟು ಕುಸಿದು ಬಿದ್ದರೆ ಕೆಲವು ಮಕ್ಕಳು ವಾರಗಟ್ಟಲೆ ಹತ್ತಿರ ಸುಳಿಯುವುದಿಲ್ಲ. ಬೆರಳು ಸಿಕ್ಕಿಕೊಳ್ಳುವ ಕೀಲುಗಳ ಮೇಲೆ ಕಣ್ಣಿರಲಿ. ರೋಬೋಟಿನ ಕ್ಯಾಮೆರಾ ಮತ್ತು ಇಂಟರ್ನೆಟ್ ಸಂಪರ್ಕವನ್ನು ಮುಚ್ಚಿಡಿ, ವೀಡಿಯೊ ಬೇಕೇ ಇದ್ದರೆ ಪಾಲಕರ ಲಿಖಿತ ಒಪ್ಪಿಗೆ ಪಡೆಯಿರಿ, ಅದು ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗದಿರಲಿ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕೈಗೆಟುಕದವರು ಕೊರಗಬೇಕಿಲ್ಲ: ಕೈಗೆ ಹಾಕಿಕೊಳ್ಳುವ ಬಟ್ಟೆಯ ಗೊಂಬೆಯೊಂದಿಗೆ ಇದೇ ತ್ರಿಕೋನ, ಇದೇ ಹತ್ತರ ಎಣಿಕೆ, ಇದೇ "ಸಾಕು" ನಡೆಯುತ್ತದೆ.

ಆರು ವಾರ ಕಳೆದರೂ ಮನೆಯ ಲೆಕ್ಕ ಮೇಲೇಳದಿದ್ದರೆ ರೋಬೋಟನ್ನು ಪೆಟ್ಟಿಗೆಗೆ ಹಾಕಿ, ಆ ಹದಿನೈದು ನಿಮಿಷವನ್ನು ಚಾಪೆಯ ಮೇಲೆ ಅಜ್ಜಿಗೆ ಕೊಡಿ.