ನೆಟ್ಟಗೇ ನಿಂತೀನಲ್ಲ ಅಂತಿದ್ಲು ಹುಡುಗಿ

ನಾನು ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ಫಿಸಿಯೋಥೆರಪಿಸ್ಟ್. ಎರಡು ವರ್ಷದ ಹಿಂದೆ ಧಾರವಾಡ ಕಡೆಯ ಒಬ್ಬರು ತಾಯಿ 13 ವರ್ಷದ ಮಗಳನ್ನ ಕರ್ಕೊಂಡು ಬಂದ್ರು. ಬೆನ್ನುಮೂಳೆ ಬಲಕ್ಕೆ ಬಾಗಿತ್ತು, ಎಕ್ಸ್‌ರೇಲಿ ಕಾಬ್ ಆಂಗಲ್, ಅಂದ್ರೆ ಬಾಗಿದ್ದರ ಅಳತೆ, 27 ಡಿಗ್ರಿ (10 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಸ್ಕೋಲಿಯೋಸಿಸ್, ಅಂದ್ರೆ ಬೆನ್ನುಮೂಳೆ ಪಕ್ಕಕ್ಕೆ ಬಾಗೋ ತೊಂದರೆ, ಅಂತೀವಿ), ಇನ್ನೂ ಬೆಳೆಯೋ ವಯಸ್ಸು ಅಂತ ಮೂಳೆ ಡಾಕ್ಟ್ರು ಬ್ರೇಸ್ (ಮೈಗೆ ಬಿಗಿಯಾಗಿ ಹಾಕ್ಕೊಳ್ಳೋ ಕವಚ) ಬರ್ಕೊಟ್ಟಿದ್ರು.

"ಎಷ್ಟ್ ಸಲ ಹೇಳಿದ್ರೂ ನೆಟ್ಟಗ ನಿಂದ್ರೂದಿಲ್ರಿ ಮೇಡಂ" ಅಂದ್ರು ತಾಯಿ. ಹುಡುಗಿ ಕಣ್ಣಲ್ಲಿ ನೀರು. "ನೆಟ್ಟಗೇ ನಿಂತೀನಲ್ಲವ್ವಾ."

ಆ ಮಾತನ್ನ ನಾನು ಆವತ್ತು ಕಿವಿಗೆ ಹಾಕ್ಕೊಳ್ಲಿಲ್ಲ, ಅದೇ ನನ್ನ ತಪ್ಪು. ಶ್ರೋತ್ ಪದ್ಧತಿ ವ್ಯಾಯಾಮ ಶುರು ಮಾಡಿದೆ, ಸ್ವತಃ ಸ್ಕೋಲಿಯೋಸಿಸ್ ಇದ್ದ ಜರ್ಮನಿಯ ಕಥರೀನಾ ಶ್ರೋತ್ ಕಟ್ಟಿದ ಪದ್ಧತಿ ಅದು, ಕನ್ನಡಿ ಮುಂದೆ ನಿಂತು ಮೈಯನ್ನ ಸರಿ ಮಾಡ್ಕೊಂಡು ಒಳಗೆ ಕುಗ್ಗಿದ ಕಡೆಗೆ ಉಸಿರು ತುಂಬೋದು. ಆರು ವಾರದಲ್ಲಿ ಕನ್ನಡಿ ಮುಂದೆ ಎಷ್ಟು ಚೆನ್ನಾಗಿ ನಿಲ್ತಿದ್ಲು ಅಂದ್ರೆ ನಂಗೇ ಖುಷಿ. ಒಂದಿನ ಚಪ್ಪಲಿ ಹಾಕ್ಕೊಂಡು ಹೊರಟವಳನ್ನ ಹಿಂದಿಂದ ನೋಡಿದೆ, ಮೊದಲ ದಿನದ ಹಾಗೇ ಬಲಕ್ಕೆ ವಾಲಿದ್ಲು.

ಮುಂದಿನ ಸಲ ಎರಡು ತೂಕದ ಮಷೀನ್ ಇಟ್ಟು ಒಂದೊಂದು ಕಾಲು ಒಂದೊಂದರ ಮೇಲೆ ಇಡಿಸಿದೆ. ಬಲಕ್ಕೆ 24 ಕೆಜಿ, ಎಡಕ್ಕೆ 18. ಆಮೇಲೆ ಕಣ್ಣು ಮುಚ್ಚಿಸಿ ದಪ್ಪ ಫೋಮ್ ಮೇಲೆ ನಿಲ್ಲಿಸಿದೆ, ಎರಡೂ ಪಕ್ಕ ನನ್ನ ಕೈ ಅಡ್ಡ ಇಟ್ಕೊಂಡು. ಕಾಲ್ಬೆರಳು ಫೋಮನ್ನ ಹಿಡ್ಕೊಂಡು ಉಗುರೆಲ್ಲ ಬೆಳ್ಳಗಾಯ್ತು, ಮೈ ತೂಗೋಕೆ ಶುರು. ನಾನೇ ಹಿಡಿದು ನಡುವಿಗೆ ತಂದು ನಿಲ್ಲಿಸಿದ್ರೆ, "ಆಂಟಿ, ಈಗ ಎಡಕ್ಕೆ ಬೀಳ್ತೀನಿ ಅನಿಸ್ತಿದೆ" ಅಂದ್ಲು. ಅಂದ್ರೆ ಅವಳ ಪಾಲಿಗೆ ನೆಟ್ಟಗೆ ಅನ್ನೋದೇ ಬಲಕ್ಕೆ ಸರಿದಿತ್ತು, ಅವಳು ಅಮ್ಮಂಗೆ ಸುಳ್ಳು ಹೇಳಿರ್ಲೇ ಇಲ್ಲ.

ನಾವು ಬೀಳದೆ ನಿಲ್ಲೋದು ಮೂರರ ಬಲದಿಂದ, ಕಣ್ಣು, ಒಳಕಿವಿ, ಮತ್ತೆ ಪಾದ-ಕೀಲು-ಸ್ನಾಯುಗಳಿಂದ ಮೆದುಳಿಗೆ ಹೋಗೋ ಸುದ್ದಿ. ನಾನು ಕನ್ನಡಿ ಕೊಟ್ಟು ಕಣ್ಣಿನ ಮೇಲೇ ಭಾರ ಹಾಕಿದ್ದೆ, ಉಳಿದೆರಡಕ್ಕೆ ಕೆಲಸಾನೇ ಇರ್ಲಿಲ್ಲ. ಎಲ್ಲಾ ಮಕ್ಕಳಲ್ಲೂ ಹೀಗೇ ಇರತ್ತೆ ಅಂತಲ್ಲ, ಬಾಗಿದ್ದಕ್ಕೆ ಬ್ಯಾಲೆನ್ಸ್ ಕೆಡತ್ತೋ ಬ್ಯಾಲೆನ್ಸ್ ಕೆಟ್ಟಿದ್ದಕ್ಕೆ ಬಾಗತ್ತೋ ಅನ್ನೋದೂ ನಮ್ಮ ಫೀಲ್ಡಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಆದ್ರೆ ಪರೀಕ್ಷೆ ಮಾಡದೇ ಬಿಡೋದು ಸರಿಯಲ್ಲ, ಅದಂತೂ ನಂಗೆ ಗಟ್ಟಿಯಾಯ್ತು.

ಆಮೇಲೆ ಕ್ರಮ ಬದಲಾಯಿಸಿದೆ. ಕನ್ನಡಿ ನೋಡಿ ಸರಿ ಮಾಡ್ಕೋ, ಕಣ್ಣು ಮುಚ್ಚು, ಹತ್ತು ಉಸಿರು ಅಲ್ಲೇ ನಿಲ್ಲು, ಕಣ್ಣು ಬಿಟ್ಟು ಎಷ್ಟು ಸರಿದೆ ಅಂತ ನೀನೇ ನೋಡ್ಕೋ. ಮೊದಲು ಗಟ್ಟಿ ನೆಲ, ಆಮೇಲೆ ಫೋಮ್, ಆಮೇಲೆ ಒಂಟಿ ಕಾಲು. ಮನೇಲಿ ಫೋಮ್ ಎಲ್ಲಿಂದ ಬರ್ಬೇಕು, ಅವ್ವನ ಊರಿನ ಕೌದಿ ನಾಲ್ಕು ಮಡಿಕೆ ಮಾಡಿ ಗೋಡೆ ಪಕ್ಕ ಹಾಕಿಸಿದೆ. "ನೆಟ್ಟಗ ನಿಂದ್ರು" ಅಂತ ಹೇಳೋದನ್ನ ಪೂರ್ತಿ ನಿಲ್ಲಿಸಿ ಅಂತ ತಾಯಿಗೂ ಹೇಳಿದೆ, ಅದು ಅವರಿಗೆ ವ್ಯಾಯಾಮಕ್ಕಿಂತ ಕಷ್ಟ ಆಯ್ತು ಪಾಪ.

ನಾಲ್ಕು ತಿಂಗಳಿಗೆ ತೂಕ 22-21ಕ್ಕೆ ಬಂತು, ಹುಡುಗಿ ಒಂದು ಕೆಜಿ ಬೆಳೆದಿದ್ಲು. ಆಂಗಲ್ ಮಾತ್ರ 27ರಲ್ಲೇ ಇತ್ತು. ಅದು ಜಾಸ್ತಿ ಆಗದ ಹಾಗೆ ತಡೆಯೋದು ಬ್ರೇಸಿನ ಕೆಲಸ, ದಿನಾ 18 ಗಂಟೆ ಹಾಕ್ಲೇಬೇಕು, ಹಾಕ್ತಿದ್ದೀಯಾ ಅಂತ ಇವತ್ತಿಗೂ ಪ್ರತಿ ಭೇಟಿಯಲ್ಲಿ ಕೇಳ್ತೀನಿ, ಲೆಕ್ಕದ ಡೈರಿ ಅವಳೇ ತಂದು ತೋರಿಸ್ತಾಳೆ.