ಕೆಡಾದ ಹಳ್ಳಿಯಲ್ಲಿ ನೆಲ ಯಾರದು, ಮನೆ ಯಾರದು

ಮಲೇಷ್ಯಾದ ಕೆಡಾ ರಾಜ್ಯದ ಹಳ್ಳಿಗಳಲ್ಲಿ ಜಮೀನಿನ ಮಾತು ಬಂದರೆ ಇಂದಿಗೂ ರೆಲೊಂಗ್ ಲೆಕ್ಕದಲ್ಲೇ ಬರುತ್ತದೆ. ಒಂದು ರೆಲೊಂಗ್ ಎಂದರೆ ಸುಮಾರು 0.71 ಎಕರೆ, ನಮ್ಮ ಅಳತೆಯಲ್ಲಿ ಇಪ್ಪತ್ತೆಂಟು ಗುಂಟೆಗಿಂತ ಚೂರು ಹೆಚ್ಚು. ಕುಲಿಮ್‌ನ ಕೈಗಾರಿಕಾ ಪ್ರದೇಶಕ್ಕೋ ಪೆನಾಂಗ್‌ನ ಚಿಪ್ ಕಾರ್ಖಾನೆಗಳಿಗೋ ಬೆಂಗಳೂರಿನಿಂದ ಕೆಲಸಕ್ಕೆ ಬಂದು, ಬಾಡಿಗೆ ಅಗ್ಗವೆಂದೋ ಪೇಟೆಯ ಗದ್ದಲ ಬೇಡವೆಂದೋ ಹಳ್ಳಿಯಲ್ಲಿ ಮನೆ ಹಿಡಿದ ಕನ್ನಡಿಗರಿಗೆ ಒಂದಲ್ಲ ಒಂದು ದಿನ ಚಹಾದಂಗಡಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: ಅಲ್ಲಿ ಅರ್ಧ ರೆಲೊಂಗ್ ಇದೆ, ಬೆಲೆ ಕಡಿಮೆ, ಬೇಕಾದರೆ ನೋಡಿ. ಊರಲ್ಲಿ ಸೈಟು ಮಾಡಿದ ಅನುಭವವುಳ್ಳವರಿಗೆ ಈ ಮಾತು ಕೇಳಿ ಕಿವಿ ನಿಮಿರುವುದು ಸಹಜ. ನನಗೂ ನಿಮಿರಿತ್ತು. ಆದರೆ ನೆಲ, ಮನೆ, ಮರ, ಫಸಲು ಎಂಬ ನಾಲ್ಕೂ ಒಬ್ಬರದೇ ಆಗಿರುತ್ತವೆ ಎಂಬ ನಮ್ಮ ಎಣಿಕೆ ಇಲ್ಲಿನ ಹಳ್ಳಿಯಲ್ಲಿ ಬಹುಮಟ್ಟಿಗೆ ತಪ್ಪು. ಕೈಚೀಲ ಬಿಚ್ಚುವ ಮೊದಲು ಈ ನಾಲ್ಕನ್ನೂ ಬೇರೆ ಬೇರೆಯಾಗಿ ನೋಡಲು ಕಲಿಯಬೇಕು.

ಹಳ್ಳಿಗೆ ಇಲ್ಲಿ ಕಂಪುಂಗ್ ಎನ್ನುತ್ತಾರೆ. ರಾಜ್ಯದ ಕೆಳಗೆ ಜಿಲ್ಲೆ, ಜಿಲ್ಲೆಯ ಕೆಳಗೆ ಮುಕಿಮ್, ಮುಕಿಮ್‌ನೊಳಗೆ ಕಂಪುಂಗ್‌ಗಳು ಬರುತ್ತವೆ. ಮುಕಿಮ್ ಎಂಬುದು ಸ್ಥೂಲವಾಗಿ ನಮ್ಮ ಹೋಬಳಿಯಂತೆ, ಭೂದಾಖಲೆಯ ಘಟಕವೂ ಅದೇ. ಅದನ್ನು ನೋಡಿಕೊಳ್ಳುವ ಪೆಂಘುಲು ಸರ್ಕಾರಿ ಅಧಿಕಾರಿ. ಹಳ್ಳಿಯ ಮುಖಂಡನಾದ ಕೆತುವಾ ಕಂಪುಂಗ್ ಮಾತ್ರ ನೌಕರನೂ ಅಲ್ಲ, ಚುನಾಯಿತನೂ ಅಲ್ಲ. ನೇಮಕವಾಗಿ ಬಂದವನು, ರಾಜ್ಯದಲ್ಲಿ ಸರ್ಕಾರ ಬದಲಾದಾಗ ಬದಲಾಗುವುದೂ ಉಂಟು. ನಮ್ಮ ಗ್ರಾಮ ಪಂಚಾಯಿತಿಯಂಥ ಚುನಾಯಿತ ಸಂಸ್ಥೆ ಇಲ್ಲಿಲ್ಲ. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು 1965ರಲ್ಲಿ ತಡೆಹಿಡಿದು, 1976ರ ಕಾಯ್ದೆಯ ಮೂಲಕ ಪೂರ್ತಿಯಾಗಿ ಕೈಬಿಟ್ಟಿದ್ದಾರೆ. ಆದ್ದರಿಂದ ಮುಖಂಡನ ಸ್ನೇಹ ಬೇಕು, ಊರಿನ ವಿಚಾರವೆಲ್ಲ ಆತನಿಗೆ ಗೊತ್ತಿರುತ್ತದೆ. ಆದರೆ ‘ಈ ಜಮೀನು ಇಂಥವರದೇ’ ಎಂಬ ಆತನ ಬಾಯಿಮಾತು ದಾಖಲೆಯಾಗುವುದಿಲ್ಲ.

ದಾಖಲೆ ಇರುವುದು ಭೂ ಕಚೇರಿಯ ರಿಜಿಸ್ಟರಿನಲ್ಲಿ. ಮಲೇಷ್ಯಾದ ಸಂವಿಧಾನದ ಪ್ರಕಾರ ಭೂಮಿ ರಾಜ್ಯಗಳ ವಿಷಯವಾದರೂ ಪರ್ಯಾಯ ದ್ವೀಪದ ರಾಜ್ಯಗಳಿಗೆಲ್ಲ 1965ರ ರಾಷ್ಟ್ರೀಯ ಭೂ ಸಂಹಿತೆ ಅನ್ವಯಿಸುತ್ತದೆ. ಸಬಾ ಮತ್ತು ಸರವಾಕ್‌ಗಳಿಗೆ ಬೇರೆಯೇ ಕಾನೂನುಗಳಿವೆ. ಈ ಸಂಹಿತೆ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಟಾರೆನ್ಸ್ ಪದ್ಧತಿಯದು. ನಮ್ಮಲ್ಲಿ ನೋಂದಣಿಯಾಗುವುದು ಕ್ರಯಪತ್ರ. ಹಕ್ಕು ಗಟ್ಟಿಯೋ ಅಲ್ಲವೋ ಎಂದು ತಿಳಿಯಲು ಮೂಲಪತ್ರದಿಂದ ಹಿಡಿದು ಇಸಿ, ಪಹಣಿ, ಮ್ಯುಟೇಶನ್ ಎಲ್ಲವನ್ನೂ ವಕೀಲರ ಮುಂದೆ ಹರಡಬೇಕು. ಇಲ್ಲಿ ನೋಂದಣಿಯಾಗುವುದು ಹಕ್ಕೇ. ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ, ಮೋಸ ಅಥವಾ ನಕಲಿ ದಾಖಲೆ ಸಾಬೀತಾಗದ ಹೊರತು, ಜಮೀನು ಅವರದು. ಹಳ್ಳಿಗಾಡಿನ ನಾಲ್ಕು ಹೆಕ್ಟೇರಿನವರೆಗಿನ ಹಿಡುವಳಿಗೆ ಜಿಲ್ಲಾ ಭೂ ಕಚೇರಿ ಕೊಡುವ ಹಕ್ಕುಪತ್ರಕ್ಕೆ ಗೆರಾನ್ ಮುಕಿಮ್ ಎಂಬ ಹೆಸರು ರೂಢಿಯಲ್ಲಿದೆ. ಶುಲ್ಕ ಕಟ್ಟಿ ಚಾರಿಯಾನ್ ರಸ್ಮಿ, ಅಂದರೆ ಅಧಿಕೃತ ಪರಿಶೀಲನೆ, ಕೇಳಿದರೆ ಮಾಲೀಕರ ಹೆಸರುಗಳು, ಅವರವರ ಪಾಲು, ಸಾಲದ ಋಣಭಾರ, ಜಮೀನು ಕೃಷಿಗೋ ಕಟ್ಟಡಕ್ಕೋ ಎಂಬ ವರ್ಗ, ಪರಭಾರೆಗೆ ಇರುವ ನಿರ್ಬಂಧ ಎಲ್ಲವೂ ಸಿಗುತ್ತವೆ. ಚಹಾದಂಗಡಿಯಲ್ಲಿ ಮಾತು ಶುರುವಾದ ಮರುದಿನವೇ ಇದನ್ನು ಮಾಡಿಸುವುದು ಒಳ್ಳೆಯದು. ಇನ್ನೊಂದು ಮಾತು. ಎಲ್ಲ ಜಮೀನಿನ ಮೂಲ ಒಡೆತನ ರಾಜ್ಯದ್ದೇ ಎಂಬ ತತ್ವದ ಮೇಲೆ ಈ ವ್ಯವಸ್ಥೆ ನಿಂತಿದೆ. ಹಾಗಾಗಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮೇ 31ರೊಳಗೆ, ಕಂದಾಯ ಕಟ್ಟಬೇಕು. ಮೊತ್ತ ಚಿಕ್ಕದು, ಆದರೆ ನೋಟಿಸಿಗೂ ಜಗ್ಗದೆ ಬಾಕಿ ಉಳಿಸಿಕೊಂಡರೆ ಜಮೀನೇ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ.

ಪರಿಶೀಲನೆಯ ಹಾಳೆಯಲ್ಲಿ ಕನ್ನಡಿಗರು ಮೊದಲು ಹುಡುಕಬೇಕಾದ ಪದ ‘ರಿಝಾಬ್ ಮೆಲಾಯು’. ಇದು ಮಲಯ್ ಮೀಸಲು ಭೂಮಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ರಬ್ಬರಿನ ಬೆಲೆ ಏರಿದಾಗ ತೋಟದ ಕಂಪನಿಗಳು ರೈತರ ಜಮೀನನ್ನು ಕೊಳ್ಳತೊಡಗಿದವು. ಇನ್ನೊಂದು ಕಡೆ ತಮಿಳುನಾಡಿನಿಂದ ಬಂದ ಚೆಟ್ಟಿಯಾರ್ ಲೇವಾದೇವಿದಾರರ ಬಳಿ ಅಡವಾದ ಜಮೀನು ಮರಳದೆ ಹೋಗುತ್ತಿತ್ತು. ಬ್ರಿಟಿಷರು 1913ರಲ್ಲಿ ಒಕ್ಕೂಟದ ಮಲಯ್ ರಾಜ್ಯಗಳಿಗೆ ಮೀಸಲು ಕಾಯ್ದೆ ತಂದರು, ಕೆಡಾದಲ್ಲಿ ಅದು 1931ರಲ್ಲಿ ಬಂತು, ಸ್ವಾತಂತ್ರ್ಯಾನಂತರದ ಸಂವಿಧಾನದ 89ನೇ ವಿಧಿ ಅದಕ್ಕೆ ರಕ್ಷಣೆ ಕೊಟ್ಟಿತು. ಇಂಥ ಜಮೀನನ್ನು ಮಲಯರಲ್ಲದವರಿಗೆ ಮಾರುವಂತಿಲ್ಲ. ಮಲಯ್ ಎಂದರೆ ಯಾರು ಎಂಬ ವ್ಯಾಖ್ಯೆಯೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಡಾದ ವ್ಯಾಖ್ಯೆಯಲ್ಲಿ ಅರಬ್ ಮೂಲದವರಿಗೂ ಜಾಗವಿದೆ. ನಮ್ಮ ಜನಕ್ಕೆ ಅರ್ಥವಾಗುವಂತೆ ಹೇಳುವುದಾದರೆ ಕರ್ನಾಟಕದ 1978ರ ಪಿಟಿಸಿಎಲ್ ಕಾಯ್ದೆಯನ್ನು ನೆನೆಯಿರಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಅನುಮತಿಯಿಲ್ಲದೆ ಕೊಂಡವನು ಪೂರ್ತಿ ಹಣ ಕೊಟ್ಟಿದ್ದರೂ ಜಮೀನು ಕಳೆದುಕೊಳ್ಳುತ್ತಾನಲ್ಲವೇ, ಇಲ್ಲಿಯೂ ಹಾಗೆಯೇ, ವ್ಯವಹಾರವೇ ಶೂನ್ಯ. ಮಲಯ್ ಗೆಳೆಯರೊಬ್ಬರ ಹೆಸರಿನಲ್ಲಿ ಬೇನಾಮಿಯಾಗಿ ಕೊಳ್ಳುವ ಉಪಾಯ ಹೇಳಿಕೊಡುವವರೂ ಸಿಗುತ್ತಾರೆ. ಅದು ಹಣವನ್ನೂ ಗೆಳೆತನವನ್ನೂ ಒಟ್ಟಿಗೆ ಕಳೆಯುವ ದಾರಿ.

ಮೀಸಲಲ್ಲದ ಜಮೀನಾದರೂ ಬಾಗಿಲು ತೆರೆದಿದೆ ಎಂದಲ್ಲ. ವಿದೇಶಿ ಪ್ರಜೆ ಕೃಷಿ ಅಥವಾ ಕಟ್ಟಡ ವರ್ಗದ ಜಮೀನು ಪಡೆಯಲು ಸಂಹಿತೆಯ 433ಬಿ ಕಲಮಿನಡಿ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು, ಜೊತೆಗೆ ವಿದೇಶಿಯರು ಕೊಳ್ಳಬಹುದಾದ ಆಸ್ತಿಗೆ ಪ್ರತಿ ರಾಜ್ಯವೂ ಕನಿಷ್ಠ ಬೆಲೆ ಗೊತ್ತುಮಾಡಿದೆ. ಆ ಬೆಲೆಗೆ ಹಳ್ಳಿಯ ಅರ್ಧ ರೆಲೊಂಗ್ ಎಲ್ಲಿಯೂ ಏರುವುದಿಲ್ಲ.

ಈಗ ಮನೆ. ಹಳೆಯ ಮಲಯ್ ಮನೆ ನೆಲದ ಮೇಲಲ್ಲ, ಮರದ ಕಂಬಗಳ ಮೇಲೆ ನಿಂತಿರುತ್ತದೆ. ಮುಂದೆ ಬಂದವರು ಕೂರುವ ಸೆರಂಬಿ, ಮಧ್ಯೆ ರುಮಾ ಇಬು ಎಂಬ ಮುಖ್ಯ ಮನೆ, ಹಿಂದೆ ಕೆಲವು ಮೆಟ್ಟಿಲು ತಗ್ಗಿನಲ್ಲಿ ಅಡುಗೆಮನೆ. ಕಂಬಗಳು ಮಣ್ಣಿನೊಳಗೆ ಹೂತಿರುವುದಿಲ್ಲ, ಕಲ್ಲು ಅಥವಾ ಸಿಮೆಂಟಿನ ಗಟ್ಟಿಯ ಮೇಲೆ ಸುಮ್ಮನೆ ಕೂತಿರುತ್ತವೆ. ಹೀಗಾಗಿ ಮನೆಯನ್ನು ಎತ್ತಿಕೊಂಡು ಹೋಗಬಹುದು, ಹೋಗುತ್ತಾರೆ ಕೂಡ. ಅದಕ್ಕೆ ಉಸುಂಗ್ ರುಮಾ ಎನ್ನುತ್ತಾರೆ: ಮನೆಯ ಕೆಳಗೆ ಉದ್ದಕ್ಕೂ ಅಡ್ಡಕ್ಕೂ ತೊಲೆ ಕಟ್ಟಿ, ಊರಿನ ಗಂಡಸರೆಲ್ಲ ಹೆಗಲು ಕೊಟ್ಟು, ಒಬ್ಬರ ಕೂಗಿಗೆ ಎಲ್ಲರೂ ಒಟ್ಟಿಗೆ ಹೆಜ್ಜೆ ಇಡುತ್ತಾ, ಇಡೀ ಮನೆಯನ್ನು ಪಕ್ಕದ ಜಾಗಕ್ಕೆ ಸಾಗಿಸುತ್ತಾರೆ, ಹೊತ್ತವರಿಗೆಲ್ಲ ಅಂದು ಮಧ್ಯಾಹ್ನ ಊಟ. ಇದು ಬರೀ ನೋಡುವ ಸೊಗಸಿನ ಸಂಗತಿಯಲ್ಲ, ಆಸ್ತಿಯ ಸಂಗತಿಯೂ ಹೌದು. ಕಟ್ಟಡ ನೆಲಕ್ಕೆ ಸೇರಿದ್ದು ಎಂಬ ಇಂಗ್ಲಿಷ್ ಕಾನೂನಿನ ನಿಯಮವನ್ನು ಬದಿಗಿಟ್ಟು, ಮಲಯ್ ಸಂಪ್ರದಾಯದ ಮರದ ಮನೆ ಚರಾಸ್ತಿಯೇ, ಅದು ನೆಲದಿಂದ ಪ್ರತ್ಯೇಕ ಎಂದು ನ್ಯಾಯಾಲಯ 1953ರಲ್ಲಿ ತೀರ್ಪು ಕೊಟ್ಟಿತು. ಅಣ್ಣನ ನೆಲದ ಮೇಲೆ ತಂಗಿಯ ಮನೆ, ಮಾವನ ನೆಲದ ಮೇಲೆ ಅಳಿಯನ ಮನೆ ಇರುವುದು ಹಳ್ಳಿಯಲ್ಲಿ ಯಾರಿಗೂ ವಿಚಿತ್ರವಲ್ಲ. ಬಾಡಿಗೆಗೆ ಹೋಗುವಾಗ ‘ಮನೆ ಯಾರದು’ ಎಂದು ಕೇಳಿದರೆ ಒಂದು ಉತ್ತರ, ‘ನೆಲ ಯಾರದು’ ಎಂದರೆ ಇನ್ನೊಂದು, ಎರಡೂ ಸತ್ಯ.

ನೆಲ ಯಾರದು ಎಂಬುದಕ್ಕೆ ಮಾತ್ರ ಹಲವು ಸಲ ಹನ್ನೆರಡು ಹೆಸರುಗಳ ಉತ್ತರ ಬರುತ್ತದೆ. ಮುಸ್ಲಿಮರ ಆಸ್ತಿ ಫರಾಯಿದ್ ನಿಯಮದಂತೆ ಹಂಚಿಕೆಯಾಗುತ್ತದೆ. ಮಕ್ಕಳಿದ್ದರೆ ವಿಧವೆಗೆ ಎಂಟನೇ ಒಂದು, ಉಳಿದದ್ದರಲ್ಲಿ ಮಗಳಿಗೆ ಒಂದು ಪಾಲಾದರೆ ಮಗನಿಗೆ ಎರಡು. ಇದಕ್ಕೂ ಮೊದಲು, ದಾಂಪತ್ಯದಲ್ಲಿ ಇಬ್ಬರೂ ದುಡಿದು ಗಳಿಸಿದ್ದರಲ್ಲಿ ಹೆಂಡತಿ ತನ್ನ ಭಾಗವನ್ನು ಬೇರೆಯಾಗಿ ಕೇಳಬಹುದು. ಹರ್ತಾ ಸೆಪೆಂಚಾರಿಯಾನ್ ಎಂಬ ಈ ಹಕ್ಕು ಮಲಯ್ ಪದ್ಧತಿಯಿಂದ ಬಂದದ್ದು, ನನ್ನ ಮಟ್ಟಿಗೆ ಇಲ್ಲಿನ ಆಸ್ತಿ ಕಾನೂನಿನಲ್ಲಿ ಮೆಚ್ಚತಕ್ಕ ಮಾತು. ಆದರೆ ಪಾಲು ಗೊತ್ತಾದರೂ ಜಮೀನು ತುಂಡಾಗುವುದಿಲ್ಲ, ಏಕೆಂದರೆ ಕೃಷಿ ಭೂಮಿಯನ್ನು 0.4 ಹೆಕ್ಟೇರಿಗಿಂತ, ಅಂದರೆ ಸುಮಾರು ಒಂದು ಎಕರೆಗಿಂತ, ಚಿಕ್ಕ ತುಂಡುಗಳಾಗಿ ವಿಭಜಿಸಲು ಭೂ ಸಂಹಿತೆ ಬಿಡುವುದಿಲ್ಲ. ಹೀಗಾಗಿ ಒಂದೂವರೆ ರೆಲೊಂಗ್ ಜಮೀನಿನ ಹಕ್ಕುಪತ್ರದಲ್ಲಿ ಎರಡು ತಲೆಮಾರು ಕಳೆಯುವಷ್ಟರಲ್ಲಿ ಭಿನ್ನರಾಶಿಯ ಪಾಲುಗಳೊಂದಿಗೆ ಹೆಸರುಗಳ ಸಾಲು ಬೆಳೆಯುತ್ತದೆ, ಅವರಲ್ಲಿ ಒಬ್ಬರು ಕೌಲಾಲಂಪುರದಲ್ಲಿ, ಇನ್ನೊಬ್ಬರು ಸಿಂಗಾಪುರದಲ್ಲಿ. ಎಷ್ಟೋ ಕುಟುಂಬಗಳಲ್ಲಿ ಅಜ್ಜನ ಹೆಸರೇ ಇನ್ನೂ ಇರುತ್ತದೆ, ಅಜ್ಜ ತೀರಿಕೊಂಡು ನಲವತ್ತು ವರ್ಷ. ಎಲ್ಲರ ಸಹಿ ಕೂಡಿಸಲಾಗದೆ ಪಾಳುಬಿದ್ದ ಜಮೀನು ಹಳ್ಳಿ ಹಳ್ಳಿಗೂ ಕಾಣಸಿಗುತ್ತದೆ. ಚಹಾದಂಗಡಿಯ ಅರ್ಧ ರೆಲೊಂಗ್ ಸಾಮಾನ್ಯವಾಗಿ ಇಂಥದೇ ಒಂದು ಬಿಡಿ ಪಾಲು.

ಮಲೇಷ್ಯಾದ ಮಲಯರೆಲ್ಲ ಒಂದೇ ರೀತಿ ಎಂದೂ ತಿಳಿಯಬೇಕಿಲ್ಲ. ನೆಗೆರಿ ಸೆಂಬಿಲಾನ್‌ನ ರೆಂಬಾವ್, ಕುವಾಲಾ ಪಿಲಾ ಕಡೆ ಸುಮಾತ್ರಾದಿಂದ ಬಂದ ಮಿನಂಗ್ಕಬಾವ್ ಜನರ ಅದಾತ್ ಪೆರ್ಪಾತಿ ಎಂಬ ತಾಯಿಮೂಲದ ಕಟ್ಟಳೆ ನಡೆಯುತ್ತದೆ. ಕುಲದ ಜಮೀನು ತಾಯಿಯಿಂದ ಮಗಳಿಗೆ ಇಳಿಯುತ್ತದೆ. ತುಳುನಾಡಿನ ಅಳಿಯಸಂತಾನ ಬಲ್ಲವರಿಗೆ ಇದು ಹೊಸದಲ್ಲ, ಆದರೆ ಒಂದು ವ್ಯತ್ಯಾಸವಿದೆ: ನಮ್ಮಲ್ಲಿ ಯಜಮಾನಿಕೆ ಬಹುಪಾಲು ಸೋದರಮಾವನಿಂದ ಅಳಿಯನಿಗೆ ಹೋಗುತ್ತಿತ್ತು, ಇಲ್ಲಿ ಹಕ್ಕುಪತ್ರದಲ್ಲಿಯೇ ಹೆಣ್ಣಿನ ಹೆಸರಿರುತ್ತದೆ.

ಇಷ್ಟು ಸಣ್ಣ ಹಿಡುವಳಿಯಲ್ಲಿ ಬದುಕು ನಡೆಯುವುದು ಹೇಗೆ? ಕೆಡಾದ ಉತ್ತರದ ಬಯಲು ದೇಶದ ಅನ್ನದ ಬಟ್ಟಲು. ಮುಡಾ ನೀರಾವರಿ ಯೋಜನೆಯಿಂದ 1970ರ ನಂತರ ಅಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ ಬರತೊಡಗಿತು. ಆ ದಶಕದ ಕೊನೆಗೆ ಕಟಾವಿನ ಯಂತ್ರ ಬಂದು ಕೊಯ್ಲು, ಬಡಿತದ ಕೂಲಿಯನ್ನು ಬಡವರ ಕೈಯಿಂದ ಕಿತ್ತುಕೊಂಡಿತು; ನಾಟಿ ಹೋಗಿ ನೇರ ಬಿತ್ತನೆ ಬಂತು. ಈಗ ಗದ್ದೆಯ ಯಜಮಾನ ಫೋನು ಮಾಡಿ ಯಂತ್ರ ತರಿಸುತ್ತಾನೆ, ಭತ್ತ ಲಾರಿಯಲ್ಲಿ ಗಿರಣಿಗೆ ಹೋಗುತ್ತದೆ, ಅಲ್ಲಿ ತೇವಕ್ಕೂ ಕಸಕ್ಕೂ ತೂಕ ಕಳೆಯುತ್ತಾರೆ, ಆ ಕಡಿತ ಹೆಚ್ಚಾಯಿತೆಂಬ ಗೊಣಗಾಟ ಪ್ರತಿ ಸುಗ್ಗಿಯಲ್ಲೂ ಇದ್ದದ್ದೇ. ಗೊಬ್ಬರಕ್ಕೂ ಬೆಲೆಗೂ ಸರ್ಕಾರದ ಸಹಾಯಧನವಿದೆ. ದಕ್ಷಿಣದ ಕುಲಿಮ್, ಬಾಲಿಂಗ್ ಕಡೆಯ ಗುಡ್ಡಗಳಲ್ಲಿ ರಬ್ಬರು, ತಾಳೆ, ಹಣ್ಣಿನ ಮರಗಳು. ಸ್ವಂತ ರಬ್ಬರು ಕೊಯ್ಯಲಾಗದ ವೃದ್ಧರು ಮರಗಳನ್ನು ಪಾವಾಗೆ ಕೊಡುತ್ತಾರೆ, ನಮ್ಮ ಕೋರಿನ ಹಾಗೆ ಸಮಪಾಲು. ಹಸುವನ್ನೂ ಹೀಗೆಯೇ ಸಾಕಲು ಕೊಟ್ಟು ಕರುಗಳನ್ನು ಹಂಚಿಕೊಳ್ಳುವುದುಂಟು. ಮಳೆ ಹಿಡಿದರೆ ರಬ್ಬರು ಕೊಯ್ಲಿಲ್ಲ, ಅಂದು ಸಂಪಾದನೆಯೂ ಇಲ್ಲ.

ನಮ್ಮ ದೇವರಾಜ ಅರಸರ ಕಾಲದಲ್ಲಿ 1974ರಿಂದ ಗೇಣಿದಾರನಿಗೇ ಜಮೀನು ಕೊಡಿಸಿದಂಥ ಸುಧಾರಣೆ ಇಲ್ಲಿ ನಡೆಯಲಿಲ್ಲ. ಅದರ ಬದಲು 1956ರಲ್ಲಿ ಫೆಲ್ಡಾ ಎಂಬ ಸಂಸ್ಥೆ ಸ್ಥಾಪಿಸಿ, ಕಾಡು ಕಡಿದು, ಭೂಹೀನರನ್ನು ಹೊಸ ವಸತಿಗಳಿಗೆ ಒಯ್ದು, ಕುಟುಂಬಕ್ಕೆ ಹತ್ತು ಎಕರೆಯಂತೆ ರಬ್ಬರು, ತಾಳೆ ತೋಟ ಕೊಟ್ಟರು. ಹಳೆಯ ಹಳ್ಳಿಯ ಒಡೆಯ–ಗೇಣಿದಾರ ಸಂಬಂಧ ಇದ್ದ ಹಾಗೆಯೇ ಉಳಿಯಿತು, ಹುಡುಗರು ಕಾರ್ಖಾನೆಗೆ ಹೋದರು. ಇಂದು ಅನೇಕ ಮನೆಗಳ ನಿಜವಾದ ಆದಾಯ ಮಕ್ಕಳು ತಿಂಗಳಿಗೊಮ್ಮೆ ಕಳಿಸುವ ಹಣ.

ತಿಂಗಳು ಮಧ್ಯದ ಕೈಗಡಕ್ಕೆ ಕಿರಾಣಿ ಅಂಗಡಿಯ ‘555’ ಪುಸ್ತಕವಿದೆ. ಅಂಗೈಯಗಲದ ಈ ನೋಟುಪುಸ್ತಕದ ರಟ್ಟಿನ ಮೇಲೆ ಅಷ್ಟೇ ಅಂಕಿ. ಒಳಗೆ ಯಾರು ಎಷ್ಟು ಸಕ್ಕರೆ, ಎಷ್ಟು ಮೊಟ್ಟೆ ಒಯ್ದರೆಂಬ ಲೆಕ್ಕ. ಹೆಂಗಸರು ಕುತು ಆಡುತ್ತಾರೆ, ಅದು ನಮ್ಮ ಚೀಟಿಯೇ. ಇಲ್ಲಿ ಮಾತ್ರ ಒಂದು ಎಚ್ಚರ: ಭಾರತದಲ್ಲಿ ನೋಂದಾಯಿತ ಚೀಟಿ ನ್ಯಾಯಸಮ್ಮತ, ಮಲೇಷ್ಯಾದಲ್ಲಿ 1971ರ ಕಾಯ್ದೆ ಕುತು ನಡೆಸುವ ವ್ಯವಹಾರವನ್ನೇ ನಿಷೇಧಿಸಿದೆ. ಪಕ್ಕದ ಮನೆಯ ಮಕ್ ಚಿಕ್, ಅಂದರೆ ಚಿಕ್ಕಮ್ಮ, ಪ್ರೀತಿಯಿಂದ ಕರೆದರೂ ಕೆಲಸದ ವೀಸಾದ ಮೇಲಿರುವವರು ನಯವಾಗಿ ಒಲ್ಲೆ ಎನ್ನುವುದು ಕ್ಷೇಮ. ಅದೇ ಮಕ್ ಚಿಕ್ ಮಗಳ ಮದುವೆಯ ಕೆಂಡುರಿಗೆ, ಅಂದರೆ ಔತಣಕ್ಕೆ, ಕರೆದರೆ ಹಿಂದಿನ ದಿನವೇ ಹೋಗಿ ಈರುಳ್ಳಿ ಸುಲಿಯಲು ಕೂರಬೇಕು. ರೆವಾಂಗ್ ಎಂಬ ಈ ಕೂಡುಕೆಲಸಕ್ಕೆ ಬಂದವರನ್ನು ಹಳ್ಳಿ ಬೇಗ ತನ್ನವರೆಂದುಕೊಳ್ಳುತ್ತದೆ.

ಕೊಳ್ಳುವುದನ್ನು ಬಿಟ್ಟು ಬಾಡಿಗೆಗಿರುವವರಿಗೆ ಹೇಳಬೇಕಾದದ್ದು ಕಡಿಮೆ. ಮೂರು ವರ್ಷದವರೆಗಿನ ಬಾಡಿಗೆ ಕರಾರಿಗೆ ಭೂ ಕಚೇರಿಯಲ್ಲಿ ನೋಂದಣಿ ಬೇಡ, ಅದಕ್ಕೆ ಮೀರಿದ್ದಕ್ಕೆ ಬೇಕು. ಕರಾರು ಬರಹದಲ್ಲಿರಲಿ, ಮುದ್ರಾಂಕ ಶುಲ್ಕ ಕಟ್ಟಿರಲಿ, ಮನೆಯ ಯಜಮಾನನ ಜೊತೆಗೆ ನೆಲದ ಪಾಲುದಾರರಲ್ಲಿ ಒಬ್ಬರಾದರೂ ವಿಷಯ ಬಲ್ಲವರಾಗಿರಲಿ. ಮರಗಳ ಬಗ್ಗೆ ಒಂದು ಸಾಲು ಬರೆಸಿಕೊಳ್ಳುವುದನ್ನು ನಾನು ಮರೆತಿದ್ದೆ. ಹಿತ್ತಲಿನಲ್ಲಿ ಮೂರು ಡುರಿಯನ್ ಮರಗಳಿದ್ದವು. ಜೂನ್ ತಿಂಗಳ ಒಂದು ರಾತ್ರಿ ಧೊಪ್ಪೆಂದು ಹಣ್ಣು ಬಿದ್ದ ಸದ್ದಿಗೆ ಎದ್ದು, ಬೆಳಿಗ್ಗೆ ಎರಡನ್ನು ಆರಿಸಿ ತಂದು ಅಡುಗೆಮನೆಯಲ್ಲಿಟ್ಟೆ. ಎಂಟು ಗಂಟೆಗೆ ಬುಟ್ಟಿ ಹಿಡಿದು ಬಂದ ಹಿರಿಯರು ಮನೆ ನನಗೆ ಕೊಟ್ಟವರಲ್ಲ, ಅವರ ದೊಡ್ಡಪ್ಪನ ಮಗ. ನೆಲವೂ ಅವರದಲ್ಲ, ಮರ ನೆಟ್ಟವರು ಮಾತ್ರ ಅವರ ತಂದೆ. ಹಣ್ಣು ವಾಪಸು ಕೊಟ್ಟೆ. ಒಂದನ್ನು ಅಲ್ಲಿಯೇ ಕತ್ತಿಯಿಂದ ಬಿಚ್ಚಿ, ಅರ್ಧ ನನಗೆ ಕೊಟ್ಟು, ಉಳಿದರ್ಧವನ್ನು ಮೆಟ್ಟಿಲ ಮೇಲೆ ಕೂತು ಅವರೇ ತಿಂದರು.