ಖರ್ಜೂರದ ಗರಿಗೆ ಕಪ್ಪು ಚುಕ್ಕೆ: ನಮ್ಮ ತೋಟದಲ್ಲಿ ಮಾಡಿದ್ದು

ವಿಜಯಪುರದಂಥ ಒಣ ಸೀಮೆಯಲ್ಲಿ ಖರ್ಜೂರಕ್ಕೆ ಎಂಥ ರೋಗ ಅಂತ ಕೇಳುವವರೇ ಜಾಸ್ತಿ. ಬೇಸಿಗೆಯಲ್ಲಿ ಅದು ಸರಿ. ಸೆಪ್ಟೆಂಬರ್ ಮಳೆ ಹಿಡಿದು, ಮೋಡ ಕವಿದು, ಗರಿ ಒಣಗದೆ ನಿಂತಾಗ ಬಂದು ನೋಡಬೇಕು.

ಹಳೆ ಗರಿಯ ಎರಡೂ ಕಡೆ ಸಣ್ಣ ಕಪ್ಪು ಗಂಟುಗಳು ಏಳುತ್ತವೆ. ಸುತ್ತ ಹಳದಿ. ಶಲ್ಕ ಕೀಟ (ಗರಿಗೆ ಅಂಟಿ ರಸ ಹೀರುವ ಕೀಟ) ಅಂದುಕೊಂಡು ಕೀಟನಾಶಕ ಹೊಡೆಯುವವರಿದ್ದಾರೆ. ಉಗುರಿನಿಂದ ಕೆರೆದು ನೋಡಿ, ಸಾಕು. ಕೀಟವಾದರೆ ಸಿಪ್ಪೆಯಂತೆ ಎದ್ದು ಬರುತ್ತದೆ. ಇದು ಗಟ್ಟಿ, ಗರಿಯೊಳಗಿಂದಲೇ ಎದ್ದಿರುತ್ತದೆ. ಒಡೆದ ಗಂಟಿನಿಂದ ಹಳದಿ ಎಳೆ ಹೊರಬಂದು, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಆ ಪುಡಿಯೇ ಗ್ರಾಫಿಯೋಲಾ ಶಿಲೀಂಧ್ರದ ಬೀಜ.

ಸೋಂಕು ತಗುಲಿ ಚುಕ್ಕೆ ಕಾಣಲು 10-11 ತಿಂಗಳು ಬೇಕು. ಅಂದರೆ ಈಗ ಕಾಣುವುದು ಹೋದ ವರ್ಷದ ಮಳೆಯದ್ದು. ಚುಕ್ಕೆ ಬಿದ್ದ ಗರಿಗೆ ಎಷ್ಟು ಔಷಧಿ ಹೊಡೆದರೂ ಅದು ಹಸಿರಾಗಲ್ಲ. ಕಾಯಬೇಕಾದ್ದು ಎಳೆ ಗರಿಯನ್ನು.

ಹಾಗಾಗಿ ನಮ್ಮಲ್ಲಿ ಮೊದಲ ಕೆಲಸ ಕುಡುಗೋಲಿನದು. ಕೊಯ್ಲು ಮುಗಿದ ಮೇಲೆ ಬುಡದ ಮುಳ್ಳು ಸವರಿ, ಕೆಳಗಿನ ರೋಗದ ಗರಿ ಕಡಿದು, ತೋಟದ ಹೊರಗೆ ಸುಡುತ್ತೇವೆ. ಬದುವಿಗೆ ಒಟ್ಟಿದರೆ ಅಲ್ಲಿಂದಲೇ ಮತ್ತೆ ಪುಡಿ ಹಾರುತ್ತದೆ. ಹಾಗಂತ ಬೋಳು ಮಾಡಬಾರದು. ಒಂದು ಗೊನೆಗೆ 8-10 ಹಸಿರು ಗರಿಯಾದರೂ ಬೇಕು, ಇಲ್ಲಾಂದ್ರೆ ಮುಂದಿನ ಫಸಲಿಗೆ ಹೊಡೆತ. ಚುಕ್ಕೆ ಸ್ವಲ್ಪವೇ ಇರುವ ಗರಿಯನ್ನು ನಾನು ಬಿಟ್ಟುಬಿಡುತ್ತೇನೆ.

ಗರಿ ಕಡಿದ ಮೇಲೆ ಬೋರ್ಡೋ ದ್ರಾವಣ, ಅಂದರೆ ಶಿಲೀಂಧ್ರಕ್ಕೆ ಹೊಡೆಯುವ ತಾಮ್ರದ ಔಷಧಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕುಡುಗೋಲಿನ ತುದಿ ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ. ನಮ್ಮ ಕಡೆ ದ್ರಾಕ್ಷಿ ಬೆಳೆಯುವವರಿಗೆ ಇದೇನು ಹೊಸದಲ್ಲ, ಅಲ್ವಾ? ಪುರುಸೊತ್ತಿಲ್ಲದಾಗ ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 3 ಗ್ರಾಂ. ಯಾವುದೇ ಆದರೂ ಅಂಟು ಬೆರೆಸಲೇಬೇಕು. ಗರಿಗೆ ಮೇಣದ ಹೊದಿಕೆ ಇದೆ, ಬರೀ ನೀರು ಜಾರಿಹೋಗುತ್ತದೆ. ಮಳೆ ಬಿಡುವು ಕೊಟ್ಟಾಗ, ಸುಳಿಯ ಸುತ್ತಲಿನ ಎಳೆ ಗರಿ ಎರಡೂ ಕಡೆ ತೊಯ್ಯುವಂತೆ ಹೊಡೆಯುತ್ತೇವೆ. ಗೊನೆ ಇರುವಾಗ ಮಾತ್ರ ತಾಮ್ರ ಮುಟ್ಟಲ್ಲ.

ಹೊಸದಾಗಿ ನೆಡುವವರು ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ 8 ಮೀಟರ್ ಬಿಡಿ. ಗರಿಗೆ ಗರಿ ತಾಗಿ ಗಾಳಿಯಾಡದ ಮೂಲೆಯಲ್ಲೇ ನಮಗೆ ಪ್ರತಿ ವರ್ಷ ಮೊದಲ ಗಂಟು ಸಿಗುವುದು.